ಶೀರ್ಷಿಕೆಗೊಂದು ದಪ್ಪ ಕನ್ನಡ ಅಕ್ಷರ: ಒತ್ತಿನಿಂದ ಹೊರಟ ಅಳತೆ

ದ್ವಿಭಾಷಾ ತ್ರೈಮಾಸಿಕವೊಂದರ ಶೀರ್ಷಿಕೆಗಳಿಗಾಗಿ ತಯಾರಿಸಿದ ಕನ್ನಡ ಅಕ್ಷರಶೈಲಿಯ ಕೆಲಸದ ವಿವರ ಇದು. ಇಂಗ್ಲಿಷ್ ಶೀರ್ಷಿಕೆಗಳಿಗೆ ಪತ್ರಿಕೆಯವರು ಪ್ಲೇಫೇರ್ ಡಿಸ್‌ಪ್ಲೇ ಫಾಂಟಿನ ಅತಿ ದಪ್ಪ ರೂಪವಾದ ಬ್ಲ್ಯಾಕನ್ನು ಮೊದಲೇ ಆರಿಸಿಕೊಂಡಿದ್ದರು. ಕ್ಲಾಸ್ ಎಗ್ಗರ್ಸ್ ಸೋರೆನ್‌ಸೆನ್ 2011ರಲ್ಲಿ ಹೊರತಂದ ಈ ಮುಕ್ತ ಫಾಂಟಿನಲ್ಲಿ ನೆಟ್ಟಗೆರೆಗಳು ತುಂಬ ದಪ್ಪ, ಅಡ್ಡಗೆರೆಗಳು ಮತ್ತು ಸೆರಿಫ್‌ಗಳು (ಗೆರೆಯ ತುದಿಯಲ್ಲಿರುವ ಪುಟ್ಟ ಅಡ್ಡಚಾಚುಗಳು) ತುಂಬ ತೆಳು. ಅದರ ಪಕ್ಕದಲ್ಲಿ ಕನ್ನಡಕ್ಕೆ ಬಳಸುತ್ತಿದ್ದದ್ದು ಒಳಪುಟಗಳ ಪಠ್ಯಕ್ಕೆಂದೇ ಮಾಡಿದ ಒಂದು ಸೌಮ್ಯ ಫಾಂಟು. ಅದಕ್ಕೆ ದಪ್ಪ ರೂಪ ಇಲ್ಲದ ಕಾರಣ ಪುಟವಿನ್ಯಾಸದ ತಂತ್ರಾಂಶದಲ್ಲಿ ಗೆರೆಯ ಸುತ್ತ ಇನ್ನೊಂದು ಗೆರೆ ಹಚ್ಚಿ ಕೃತಕವಾಗಿ ದಪ್ಪ ಮಾಡುತ್ತಿದ್ದರು. ಹಾಗೆ ಮಾಡಿದಾಗ ಗೆರೆ ಎಲ್ಲ ದಿಕ್ಕಿಗೂ ಒಂದೇ ಅಳತೆಯಲ್ಲಿ ಬೆಳೆಯುತ್ತದೆ. ದಪ್ಪ ಗೆರೆ ಸ್ವಲ್ಪ ದಪ್ಪವಾದರೆ ತೆಳು ಗೆರೆ ತನ್ನ ಮೊದಲಿನ ಅಳತೆಯ ಇಮ್ಮಡಿಯಾಗಿ, ಅಕ್ಷರದ ಒಳಬಿಳಿ ಮುಚ್ಚಿಕೊಂಡು, ‘ರಾಷ್ಟ್ರೀಯ’ ಎಂಬ ಪದದ ನಡುವೆ ಒಂದು ಕರಿ ಮುದ್ದೆ ಉಳಿಯುತ್ತದೆ. ಇಂಗ್ಲಿಷಿನ ಸಾಲಿನಲ್ಲಿ ಬೆಳಕು–ನೆರಳಿನ ತೀವ್ರ ಏರಿಳಿತ ಕಾಣುತ್ತಿದ್ದರೆ ಕನ್ನಡದ ಸಾಲು ಬರಿಯ ಕಪ್ಪಾಗಿ ಕಾಣುತ್ತಿತ್ತು.

ಈ ಬಗೆಯ ಲ್ಯಾಟಿನ್ (ಅಂದರೆ ಇಂಗ್ಲಿಷ್ ಬರೆಯುವ ಲಿಪಿಯ) ಅಕ್ಷರ ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಅದನ್ನು ಕನ್ನಡಕ್ಕೆ ಹೊಂದಿಸುವುದು ಕಷ್ಟ. 1757ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಬ್ಯಾಸ್ಕರ್‌ವಿಲ್ ವರ್ಜಿಲನ ಕೃತಿಗಳನ್ನು ಅಚ್ಚುಮಾಡಿದಾಗ ಬಳಸಿದ ನುಣುಪು ಕಾಗದವೂ ಗಾಢ ಮಸಿಯೂ ಹಿಂದೆಂದಿಗಿಂತ ತೆಳುವಾದ ಗೆರೆಯನ್ನು ಕಾಗದದ ಮೇಲೆ ನಿಲ್ಲಿಸಿದವು. ಆ ಶತಮಾನದ ಕೊನೆಯ ದಶಕಗಳಲ್ಲಿ ಪ್ಯಾರಿಸ್ಸಿನ ಫಿರ್ಮಾ ದಿದೊ ಮತ್ತು ಪಾರ್ಮಾ ನಗರದ ಜಾಂಬಾತ್ತಿಸ್ತ ಬೊಡೋನಿ ಅದನ್ನು ಇನ್ನೂ ಮುಂದಕ್ಕೆ ಒಯ್ದು, ಸೆರಿಫನ್ನು ಕೂದಲೆಳೆಯಷ್ಟಕ್ಕೆ ಇಳಿಸಿದರು. ಬೊಡೋನಿ ತೀರಿಕೊಂಡದ್ದು 1813ರಲ್ಲಿ. ಅವನ ಅಕ್ಷರಗಳ ಮಾದರಿಗ್ರಂಥವನ್ನು 1818ರಲ್ಲಿ ಹೊರತಂದವಳು ಅವನ ಹೆಂಡತಿ. ಇವರ ಅಕ್ಷರಗಳ ಹಿಂದೆ ಇದ್ದದ್ದು ಮೊನಚಾದ, ಒತ್ತಿದರೆ ಅಗಲವಾಗುವ ಲೇಖನಿ: ಕೈ ಕೆಳಕ್ಕೆ ಎಳೆಯುವಾಗ ಒತ್ತಡ ಬಿದ್ದು ಗೆರೆ ದಪ್ಪವಾಗುತ್ತದೆ, ಮೇಲಕ್ಕೋ ಅಡ್ಡಕ್ಕೋ ಸರಿಯುವಾಗ ತೆಳುವಾಗುತ್ತದೆ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ನಿನ ಮೊಳೆ ಎರಕದವರು ಇದೇ ಅಕ್ಷರದ ನೆಟ್ಟಗೆರೆಯನ್ನು ಮಿತಿಮೀರಿ ಉಬ್ಬಿಸಿ, ತೆಳುಗೆರೆಯನ್ನು ಮಾತ್ರ ಹಾಗೆಯೇ ಬಿಟ್ಟು, ಲಾಟರಿಯ ಮತ್ತು ನಾಟಕದ ಭಿತ್ತಿಪತ್ರಗಳಿಗೆ ಮಾರಿದರು. ಇಂದು ಪತ್ರಿಕೆಗಳ ಶೀರ್ಷಿಕೆಯಲ್ಲಿ ಕಾಣುವ ದಪ್ಪ, ತೀವ್ರ ಗೆರೆಭೇದದ ಸೆರಿಫ್ ಅಕ್ಷರಗಳೆಲ್ಲ ಈ ವಂಶದವೇ.

ಕನ್ನಡದ ಗೆರೆಗೆ ಆ ಹಿನ್ನೆಲೆ ಇಲ್ಲ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಗೆರೆ ಎಲ್ಲ ಕಡೆಯೂ ಒಂದೇ ದಪ್ಪ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂದದ್ದರಿಂದ ಅದರ ಗೆರೆಯೂ ಬರೆದ ಕೈಯದೇ. ಮುಂದೆ ಮೊಳೆಯಚ್ಚು ನೆಲೆಗೊಂಡು, 1894ರಲ್ಲಿ ಕಿಟ್ಟೆಲ್ ನಿಘಂಟಿನಂಥ ಬೃಹತ್ ಗ್ರಂಥ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬರುವ ಹೊತ್ತಿಗೆ ದಪ್ಪ–ತೆಳುವಿನ ಭೇದ ಕನ್ನಡದಲ್ಲೂ ಕಾಣಿಸಿಕೊಂಡಿತ್ತಾದರೂ, ಅದು ಓದುವ ಅಕ್ಷರಕ್ಕೆ ತಕ್ಕ ಮಿತವಾದ ಭೇದ. ಆದ್ದರಿಂದ ಬೊಡೋನಿಯ ಅನುಪಾತವನ್ನು ಎತ್ತಿ ‘ಅ’ಕಾರದ ಮೇಲೆ ಕೂರಿಸಿದರೆ ಕೆಲಸ ಮುಗಿಯುವುದಿಲ್ಲ. ದಪ್ಪ ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು ಎಂಬ ಎರಡು ಪ್ರಶ್ನೆಗಳಿಗೂ ಕನ್ನಡದೊಳಗಿನಿಂದಲೇ ಉತ್ತರ ಹುಡುಕಬೇಕಾಯಿತು.

ದಪ್ಪ ಎಲ್ಲಿ

ಲ್ಯಾಟಿನ್ ಅಕ್ಷರ ಮಾಡುವವರು ಸಾಮಾನ್ಯವಾಗಿ ಕೆಲವು ಸರಳ ಅಕ್ಷರಗಳಿಂದ ಹೊರಟು, ಅವುಗಳ ಅಳತೆಯನ್ನು ಉಳಿದವಕ್ಕೆ ಹರಡುತ್ತಾರೆ. ಅದನ್ನು ಅನುಸರಿಸಿ ರ, ನ, ಸ, ಕ ಅಕ್ಷರಗಳಿಂದ ಹೊರಡಬಹುದಿತ್ತು. ನಾನು ತಿರುಗುಮುರುಗಾಗಿ ಅತ್ಯಂತ ಇಕ್ಕಟ್ಟಿನ ಅಕ್ಷರಗಳಿಂದ ಹೊರಟೆ: ಷ್ಟ್ರ, ಷ್ಣ, ತ್ರ್ಯ, ಸ್ತ್ರೀ. ಸರಳ ಅಕ್ಷರದಲ್ಲಿ ಸೊಗಸಾಗಿ ಕಂಡ ದಪ್ಪ ಒತ್ತಕ್ಷರದಲ್ಲಿ ಹಿಡಿಯದೆ ಹೋದರೆ ಇಡೀ ಅಕ್ಷರಮಾಲೆಯನ್ನು ಮತ್ತೆ ಬರೆಯಬೇಕು. ಒತ್ತಕ್ಷರದಲ್ಲಿ ಹಿಡಿದ ದಪ್ಪ ಸರಳ ಅಕ್ಷರದಲ್ಲಿ ಹಿಡಿದೇ ಹಿಡಿಯುತ್ತದೆ.

ಕಾರ್ಯಕ್ಷೇತ್ರ ಒಂದು ಚೌಕ; ಅದರ ಬದಿಯ ಸಾವಿರದ ಒಂದು ಭಾಗವೇ ಒಂದು ಯೂನಿಟ್. ಅಕ್ಷರಗಳು ಕೂರುವ ತಳಗೆರೆಯಿಂದ ತಲೆಕಟ್ಟಿನ ತುದಿಯವರೆಗೆ 540 ಯೂನಿಟ್. ಅದರಲ್ಲಿ ತಲೆಕಟ್ಟಿಗೆ 110 ಹೋದರೆ ಅಕ್ಷರದ ದುಂಡು ಭಾಗಕ್ಕೆ ಉಳಿಯುವುದು 430. ಗುಡಿಸಿನ ನೆತ್ತಿ 700ರವರೆಗೆ ಏರುತ್ತದೆ. ಒತ್ತುಗಳ ಪಟ್ಟಿ ತಳಗೆರೆಯ ಕೆಳಗೆ 40ರಿಂದ ಹೊರಟು 330ರವರೆಗೆ ಇಳಿಯುತ್ತದೆ. ಮೂಲ ಅಕ್ಷರವನ್ನು ಸುಮಾರು 62 ಪ್ರತಿಶತಕ್ಕೆ ಇಳಿಸಿದರೆ ಅದರ ದುಂಡು ಭಾಗ 267 ಯೂನಿಟ್ ಎತ್ತರವಾಗಿ ಈ ಪಟ್ಟಿಯೊಳಗೆ ಕೂರುತ್ತದೆ.

ಈಗ ದಪ್ಪವನ್ನು ಅಡ್ಡಗೆರೆಗಳಲ್ಲಿ ಇಟ್ಟರೆ ಏನಾಗುತ್ತದೆ ನೋಡೋಣ. ಮೂಲ ಅಕ್ಷರದ ಗೆರೆ 148 ಯೂನಿಟ್ ಎಂದುಕೊಂಡರೆ ಮೇಲಿನ ಮತ್ತು ಕೆಳಗಿನ ಗೆರೆಗಳು ಸೇರಿ 296 ಯೂನಿಟ್ ನುಂಗಿ, 430ರಲ್ಲಿ ಒಳಬಿಳಿಗೆ 134 ಮಾತ್ರ ಉಳಿಯುತ್ತದೆ. ಒತ್ತಿನಲ್ಲಿ ಗೆರೆಯನ್ನು 104ಕ್ಕೆ ಇಳಿಸಿದರೂ ಉಳಿಯುವ ಬಿಳಿ 60ರ ಆಸುಪಾಸು. ಅದೇ ದಪ್ಪವನ್ನು ನೆಟ್ಟಗೆರೆಗಳಲ್ಲಿ ಇಟ್ಟು ಅಡ್ಡಗೆರೆಯನ್ನು 24 ಯೂನಿಟ್‌ಗೆ ಇಳಿಸಿದರೆ ಒತ್ತಿನ ಒಳಗೆ 219 ಯೂನಿಟ್ ಎತ್ತರದ ಬಿಳಿ ಸಿಗುತ್ತದೆ. ಕನ್ನಡದ ಸಾಲಿನಲ್ಲಿ ಎತ್ತರ ಸೀಮಿತವಾದದ್ದು, ಏಕೆಂದರೆ ಗುಡಿಸು, ಮೂಲ ಅಕ್ಷರ, ಒತ್ತು ಮೂರೂ ಒಂದರ ಮೇಲೊಂದು ಕೂರಬೇಕು. ಅಗಲಕ್ಕೆ ಅಂಥ ಕಟ್ಟಿಲ್ಲ, ಅಕ್ಷರವನ್ನು ಪಕ್ಕಕ್ಕೆ ಬೆಳೆಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ದಪ್ಪವನ್ನು ಅಗಲಕ್ಕೆ ಹೇರಿ, ಎತ್ತರವನ್ನು ತೆಳುಗೆರೆಗೆ ಬಿಟ್ಟುಕೊಡುವುದೇ ಸರಿ ಎಂದು ತೀರ್ಮಾನಿಸಿದೆ. ಪಕ್ಕದ ಲ್ಯಾಟಿನ್ ಅಕ್ಷರದಲ್ಲೂ ದಪ್ಪ ನೆಟ್ಟಗೆರೆಯಲ್ಲೇ ಇರುವುದು ಅನುಕೂಲವೇ ಆಯಿತು. ಆದರೆ ತೀರ್ಮಾನಕ್ಕೆ ಅದು ಕಾರಣವಲ್ಲ. ಇಂಗ್ಲಿಷ್ ಇಲ್ಲದ ಪುಟದಲ್ಲೂ ನಾನು ಹೀಗೆಯೇ ಮಾಡುತ್ತಿದ್ದೆ.

ಈ ನಿಯಮದಿಂದ ಒಂದು ತೊಡಕು ಹುಟ್ಟಿತು. ತಲೆಕಟ್ಟು ಅಡ್ಡಗೆರೆ. ನಿಯಮದಂತೆ ಅದನ್ನೂ 24 ಯೂನಿಟ್‌ಗೆ ಇಳಿಸಿದರೆ ಪದದ ಮೇಲಂಚು ಮಾಯವಾಗಿ, ‘ನಗರದ’ ಎಂಬ ಪದ ಪಕ್ಕಪಕ್ಕ ಇಟ್ಟ ದುಂಡು ಆಕಾರಗಳ ಸಾಲಾಗುತ್ತದೆ. ಓದುಗನ ಕಣ್ಣು ಖ, ಜ, ಣ, ಬ, ಲ ಮೊದಲಾದ ತಲೆಕಟ್ಟಿಲ್ಲದ ಅಕ್ಷರಗಳನ್ನು ಉಳಿದವುಗಳಿಂದ ಬೇರ್ಪಡಿಸುವುದೂ ಆ ಅಂಚಿನಿಂದಲೇ. ಆದ್ದರಿಂದ ತಲೆಕಟ್ಟನ್ನು ಬೆಣೆಯ ಆಕಾರದಲ್ಲಿ ಬರೆದೆ: ಎಡಗಡೆ 24 ಯೂನಿಟ್‌ನಿಂದ ಹೊರಟು ಬಲತುದಿಯಲ್ಲಿ ಏರಿ 110 ಯೂನಿಟ್ ದಪ್ಪದಲ್ಲಿ ಕತ್ತರಿಸಿ ನಿಲ್ಲುತ್ತದೆ. ಲ್ಯಾಟಿನ್ನಿನ ಸೆರಿಫ್ ಮಾಡುವ ಕೆಲಸವನ್ನು, ಅಂದರೆ ಗೆರೆಯ ಕೊನೆಯನ್ನು ಗಟ್ಟಿಯಾಗಿ ಮುಗಿಸುವ ಕೆಲಸವನ್ನು, ಇಲ್ಲಿ ಈ ಬೆಣೆಯೇ ಮಾಡುತ್ತದೆ. ಕನ್ನಡದ ಅಕ್ಷರಕ್ಕೆ ಕಾಲಿನಲ್ಲಿ ಸೆರಿಫ್ ಅಂಟಿಸುವ ಪ್ರಯತ್ನಗಳನ್ನು ಜಾಹೀರಾತುಗಳಲ್ಲಿ ಕಂಡಿದ್ದೇನೆ. ತಳವೆಲ್ಲ ದುಂಡಾಗಿರುವ ಲಿಪಿಗೆ ಅದು ಹೊರಗಿನಿಂದ ತಂದು ತೊಡಿಸಿದಂತೆಯೇ ಕಾಣುತ್ತದೆ.

ದಪ್ಪ ಎಷ್ಟು

148 ಎಂಬ ಅಂಕಿಯನ್ನು ಮೇಲೆ ಸುಮ್ಮನೆ ಬಳಸಿದೆ. ಅದು ಬಂದದ್ದು ‘ಕೃಷ್ಣ’ ಎಂಬ ಪದದಿಂದ. ಷಕಾರದ ಕೆಳಗೆ ಕೂರುವ ಣಕಾರದ ಒತ್ತಿನಲ್ಲಿ ನೆಟ್ಟಗೆರೆಗಳು ಮೂರು ಬೀಳುತ್ತವೆ. ಷಕಾರದ ಅಗಲವನ್ನು ಮೀರಿ ಹೊರಚಾಚದಂತೆ ಅದಕ್ಕೆ ಕೊಡಬಹುದಾದ ಅಗಲ 460 ಯೂನಿಟ್. ಗೆರೆ 120 ಯೂನಿಟ್ ಆದರೆ ಮೂರು ಗೆರೆಗೆ 360 ಹೋಗಿ ಎರಡು ಬಿಳಿಗಳಿಗೆ ತಲಾ 50 ಉಳಿಯುತ್ತದೆ. 36 ಪಾಯಿಂಟ್ ಗಾತ್ರದಲ್ಲಿ, ಅಂದರೆ ಚೌಕದ ಎತ್ತರ 12.7 ಮಿಲಿಮೀಟರ್ ಇರುವಾಗ, ಅದು 0.6 ಮಿಲಿಮೀಟರ್ ಚಿಲ್ಲರೆ. ಗೆರೆಯನ್ನು 104ಕ್ಕೆ ಇಳಿಸಿದರೆ ಪ್ರತಿ ಬಿಳಿಗೆ 74 ಯೂನಿಟ್, ಅಂದರೆ 0.94 ಮಿಲಿಮೀಟರ್ ಸಿಗುತ್ತದೆ. ಮುದ್ರಿಸಿ ನೋಡಿದಾಗ ಮೊದಲನೆಯದರಲ್ಲಿ ಒತ್ತು ಒಂದು ಕರಿ ಪಟ್ಟಿಯಂತೆ ಕಂಡಿತು, ಎರಡನೆಯದರಲ್ಲಿ ಣಕಾರ ಣಕಾರವಾಗಿಯೇ ಓದಿಸಿಕೊಂಡಿತು. ಒತ್ತಿನ ಗೆರೆ 104 ಎಂದು ನಿಂತ ಮೇಲೆ ಮೂಲ ಅಕ್ಷರದ ಗೆರೆ ಅದಕ್ಕೆ ಹೊಂದಿಕೊಳ್ಳಬೇಕು. ಭೇದ ಒಂದೂವರೆ ಪಟ್ಟು ದಾಟಿದರೆ ಒತ್ತು ಬೇರೆ ಫಾಂಟಿನಿಂದ ತಂದು ಇಟ್ಟಂತೆ ತೆಳ್ಳಗೆ ಕಾಣುತ್ತದೆ. ಹೀಗೆ 1.4ರ ಸುತ್ತಮುತ್ತ ಹುಡುಕಿ 148ಕ್ಕೆ ಬಂದು ನಿಂತೆ. ಪ್ಲೇಫೇರ್ ಬ್ಲ್ಯಾಕ್‌ನ ಪಕ್ಕದಲ್ಲಿ ಇಟ್ಟಾಗ ಕನ್ನಡ ತುಸು ಹಗುರವಾಗಿಯೇ ಕಂಡಿತು; ಅದನ್ನು ಸರಿಹೊಂದಿಸಲು ದಪ್ಪ ಹೆಚ್ಚಿಸದೆ, ಅಕ್ಷರಗಳ ನಡುವಿನ ಬಿಳಿಯನ್ನು ಸ್ವಲ್ಪ ಬಿಗಿ ಮಾಡಿದೆ.

ತೆಳುಗೆರೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಮೂಲ ಅಕ್ಷರವನ್ನು ತಂತ್ರಾಂಶದಲ್ಲಿ 62 ಪ್ರತಿಶತಕ್ಕೆ ಇಳಿಸಿದಾಗ ಅದರ 24 ಯೂನಿಟ್ ತೆಳುಗೆರೆ 15 ಯೂನಿಟ್ ಆಗುತ್ತದೆ. ಸಾಮಾನ್ಯ ದಪ್ಪದ ಫಾಂಟಿನಲ್ಲಿ ಇಂಥ ಇಳಿತ ಅಷ್ಟಾಗಿ ಬಾಧಿಸದು. ಇಲ್ಲಿ ಮಾತ್ರ 36 ಪಾಯಿಂಟ್‌ನಲ್ಲಿ ಮೇಲಿನ ಗೆರೆ 0.3 ಮಿಲಿಮೀಟರ್, ಕೆಳಗಿನದು 0.19 ಮಿಲಿಮೀಟರ್ ಆಗಿ, ಒತ್ತಿನ ದಪ್ಪ ಗೆರೆಗಳು ಒಂದಕ್ಕೊಂದು ಸಂಬಂಧವಿಲ್ಲದ ತುಂಡುಗಳಂತೆ ತೇಲುತ್ತವೆ. ಆದ್ದರಿಂದ ಒತ್ತುಗಳಲ್ಲೂ ತೆಳುಗೆರೆಯನ್ನು 24ಕ್ಕೇ ಕಟ್ಟಿಹಾಕಿದೆ. ಇದರ ಫಲವಾಗಿ ಮೂಲ ಅಕ್ಷರದಲ್ಲಿ ದಪ್ಪ–ತೆಳುವಿನ ಅನುಪಾತ ಆರು ಚಿಲ್ಲರೆಗೆ ಒಂದು, ಒತ್ತಿನಲ್ಲಿ ನಾಲ್ಕು ಚಿಲ್ಲರೆಗೆ ಒಂದು. ಒಂದೇ ಫಾಂಟಿನಲ್ಲಿ ಎರಡು ಅನುಪಾತ ಇರಬಾರದೆಂದು ವಾದಿಸುವವರಿದ್ದಾರೆ. ಕಣ್ಣಿಗೆ ಕಾಣುವುದು ಅನುಪಾತವಲ್ಲ, ಗೆರೆ. ತೆಳುಗೆರೆ ಎಲ್ಲ ಕಡೆ ಒಂದೇ ಇದ್ದಾಗ ಸಾಲು ಒಂದೇ ಕೈಯಲ್ಲಿ ಬರೆದಂತೆ ಕೂಡಿಕೊಳ್ಳುತ್ತದೆ.

ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದೇ ಇಲ್ಲವಾದ್ದರಿಂದ ಅವನ್ನು ಇಳಿಸುವ ಪ್ರಶ್ನೆಯೇ ಬರಲಿಲ್ಲ, ಹೊಸದಾಗಿಯೇ ಬರೆದೆ. ಇವುಗಳಲ್ಲಿ ಗೆರೆ ಕಡಿಮೆ, ಜಾಗ ಹೆಚ್ಚು. ಯಕಾರದ ಮತ್ತು ರಕಾರದ ಒತ್ತುಗಳು ಬಲಕ್ಕೆ ಚಾಚಿಕೊಳ್ಳುವ ಭಾಗದಲ್ಲಿ ದಪ್ಪವನ್ನು ಮೆಲ್ಲಗೆ ಏರಿಸಿ ಇಳಿಸುವ ಅವಕಾಶ ಇತ್ತು. ಈ ಫಾಂಟಿನಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಗೆರೆಗಳು ಇವೇ.

ಒಂದೊಂದು ಅಕ್ಷರದ ಹಟ

ಪೆನ್ಸಿಲ್ಲಿನಲ್ಲಿ ದೊಡ್ಡದಾಗಿ ಬರೆದು, ಸ್ಕ್ಯಾನ್ ಮಾಡಿ, ಫಾಂಟ್‌ಫೋರ್ಜ್ ತಂತ್ರಾಂಶದಲ್ಲಿ ಅದರ ಮೇಲೆ ಹೊರರೇಖೆ ಎಳೆದೆ. ಪ್ರತಿ ವಕ್ರರೇಖೆಯ ತುತ್ತತುದಿಗಳಲ್ಲಿ, ಅಂದರೆ ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ, ಒಂದೊಂದು ನೋಡ್ (ರೇಖೆಯನ್ನು ಹಿಡಿದಿಡುವ ಬಿಂದು) ಇಟ್ಟು, ರೇಖೆಯ ಬಾಗನ್ನು ತಿದ್ದುವ ಅದರ ಹಿಡಿಕೆಗಳನ್ನು ಪೂರ್ತಿ ನೆಟ್ಟಗೋ ಪೂರ್ತಿ ಅಡ್ಡವಾಗಿಯೋ ಇಡುವುದು ಸಾಮಾನ್ಯ ಕ್ರಮ. ತೀವ್ರ ಗೆರೆಭೇದದ ಅಕ್ಷರದಲ್ಲಿ ಈ ಕ್ರಮವನ್ನು ಬಿಡುವಂತೆಯೇ ಇಲ್ಲ, ಏಕೆಂದರೆ 24 ಯೂನಿಟ್ ಗೆರೆಯಲ್ಲಿ ನಾಲ್ಕು ಯೂನಿಟ್ ವ್ಯತ್ಯಾಸವಾದರೂ ದೊಡ್ಡ ಗಾತ್ರದಲ್ಲಿ ಗೆರೆ ಅದುರಿದಂತೆ ಕಾಣುತ್ತದೆ.

ದುಂಡು ಅಕ್ಷರಗಳು ಚಪ್ಪಟೆ ತಳದ ಅಕ್ಷರಗಳಿಗಿಂತ ಚಿಕ್ಕದಾಗಿ ಕಾಣದಿರಲೆಂದು ಅವುಗಳ ತಳವನ್ನು ತಳಗೆರೆಗಿಂತ ಸ್ವಲ್ಪ ಕೆಳಗೆ ಇಳಿಸುವುದು ಲ್ಯಾಟಿನ್ನಿನ ವಾಡಿಕೆ. ಕನ್ನಡದಲ್ಲಿ ಹೆಚ್ಚುಕಡಿಮೆ ಎಲ್ಲವೂ ದುಂಡು ತಳದವೇ ಆಗಿರುವಾಗ ಯಾವುದಕ್ಕೆ ಹೋಲಿಸಿ ಇಳಿಸುವುದು ಎಂಬುದು ಮೋಜಿನ ಪ್ರಶ್ನೆ. ಕನ್ನಡ ಒಂದೇ ಇದ್ದರೆ ಇಳಿಸಬೇಕಾಗಿಯೇ ಇಲ್ಲ. ಪಕ್ಕದಲ್ಲಿ ಇಂಗ್ಲಿಷ್ ಪದವೋ ಚಪ್ಪಟೆ ತಳದ ಅಂಕಿಯೋ ಬರುವ ಶೀರ್ಷಿಕೆಗಳಿಗಾಗಿ ಎಲ್ಲವನ್ನೂ 12 ಯೂನಿಟ್ ಕೆಳಗಿಳಿಸಿದೆ.

‘ಹೊಟ್ಟೆ ಸೀಳಿದ ಷ’ ಎಂದು ಶಾಲೆಯಲ್ಲಿ ಹೇಳಿಕೊಡುವ ಅಕ್ಷರ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡಿತು. ಪಕಾರಕ್ಕೂ ಅದಕ್ಕೂ ಇರುವ ಭೇದವೆಲ್ಲ ಆ ಒಳಗೆರೆಯೊಂದರಲ್ಲಿದೆ. ಅದನ್ನು ದಪ್ಪವಾಗಿಸಿದರೆ ಹೊಟ್ಟೆ ತುಂಬಿಹೋಗುತ್ತದೆ, ತೆಳುವಾಗಿಸಿದರೆ ದೂರದಿಂದ ಷಕಾರ ಪಕಾರವಾಗುತ್ತದೆ. ಎಡತುದಿಯಲ್ಲಿ ತೆಳುವಾಗಿ ಹುಟ್ಟಿ ಬಲತುದಿಯಲ್ಲಿ ಹನಿಯಂತೆ 70 ಯೂನಿಟ್‌ಗೆ ಉಬ್ಬುವ ಗೆರೆ ಈ ಎರಡರ ನಡುವಿನ ದಾರಿಯಾಯಿತು. ಠ, ಥಗಳ ನಡುವಿನ ಬೊಟ್ಟಿಗೂ ಅದೇ ಹನಿಯ ಅಳತೆಯನ್ನು ಕೊಟ್ಟೆ. ಬೊಡೋನಿ ವಂಶದ ಸಣ್ಣ ಅಕ್ಷರಗಳ ತುದಿಯಲ್ಲಿ ಕಾಣುವ ದುಂಡು ಗುಂಡಿಗೂ ಇದಕ್ಕೂ ಹೊಂದಿಕೆ ತಾನಾಗಿ ಒದಗಿತು.

ಢ, ಧ, ಫ, ಭ ಅಕ್ಷರಗಳ ತಳದಲ್ಲಿರುವ ಸೀಳುಗೆರೆ ನೆಟ್ಟಗೆರೆಯೇ ಆದರೂ ಅದಕ್ಕೆ 148 ಕೊಡಲಾಗದು. 60 ಯೂನಿಟ್ ಕೊಟ್ಟು, ತಳಗೆರೆಯ ಕೆಳಗೆ ಸ್ವಲ್ಪ ಮಾತ್ರ ಇಳಿಯುವಂತೆ ಮಾಡಿದೆ. ‘ಅಧ್ಯಕ್ಷ’, ‘ಭ್ರಷ್ಟ’ ಎಂಬ ಪದಗಳು ಶೀರ್ಷಿಕೆಯಲ್ಲಿ ಅಪರೂಪವೇನಲ್ಲ. ಅಲ್ಲಿ ಈ ಸೀಳು ಕೆಳಗಿನ ಒತ್ತಿನ ನೆತ್ತಿಗೆ ತಾಗುವುದರಿಂದ, ಒತ್ತು ಬಂದಾಗ ಮಾತ್ರ ಬಳಕೆಗೆ ಬರುವ ಮೊಟಕು ಸೀಳಿನ ಪರ್ಯಾಯ ರೂಪಗಳನ್ನೂ ಸೇರಿಸಿದೆ. ವು ಮತ್ತು ಮ ಅಕ್ಷರಗಳ ಭೇದ ಇರುವುದು ಬಲಗಡೆಯ ಬಾಲ ಎಲ್ಲಿಂದ ಏಳುತ್ತದೆ ಎಂಬುದರಲ್ಲಿ. ಆ ಜಾಗದಲ್ಲಿ ತೆಳುಗೆರೆ ಬಿದ್ದು ಮಂಕಾದರೆ ಎರಡೂ ಒಂದೇ ಆಗುವ ಅಪಾಯ ಇದ್ದುದರಿಂದ, ಅಲ್ಲಿ ನಿಯಮವನ್ನು ಸಡಿಲಿಸಿ ಗೆರೆಯನ್ನು 40ಕ್ಕೆ ಏರಿಸಿದೆ.

ಗುಣಿತಾಕ್ಷರಗಳನ್ನು ಕಟ್ಟಲು ಎರಡು ದಾರಿಗಳಿವೆ. ಮೂಲ ಅಕ್ಷರಕ್ಕೂ ಸ್ವರಚಿಹ್ನೆಗೂ ಆಂಕರ್ ಬಿಂದುಗಳನ್ನು ಕೊಟ್ಟು ತಂತ್ರಾಂಶವೇ ಜೋಡಿಸುವಂತೆ ಮಾಡುವುದು ಒಂದು. ಪ್ರತಿ ಜೋಡಿಯನ್ನೂ ಒಂದೇ ಗ್ಲಿಫ್ ಆಗಿ, ಅಂದರೆ ಒಂದೇ ಇಡಿ ಆಕಾರವಾಗಿ, ಬರೆದಿಡುವುದು ಇನ್ನೊಂದು. ಮೊದಲನೆಯದು ಶ್ರಮ ಉಳಿಸುತ್ತದೆ. ಆದರೆ ಗುಡಿಸು ಅಕ್ಷರಕ್ಕೆ ಸೇರುವುದು ತೆಳುಗೆರೆಯಲ್ಲಿ. ಅಲ್ಲಿ ಎರಡು ಆಕಾರಗಳ ಅಂಚುಗಳು ಒಂದೆರಡು ಯೂನಿಟ್ ಆಚೀಚೆಯಾದರೂ ಭಿತ್ತಿಪತ್ರದ ಗಾತ್ರದಲ್ಲಿ ಗಂಟಿನಂತೆ ಕಾಣುತ್ತದೆ. ಆದ್ದರಿಂದ 34 ವ್ಯಂಜನಗಳಿಗೂ ಗುಡಿಸಿನ ರೂಪವನ್ನು ಕೈಯಾರೆ ಬರೆದೆ. ಎತ್ವಕ್ಕೆ, ತಲೆಕಟ್ಟಿನ ಜಾಗದಲ್ಲಿ ಕೂರುವ ಅದರ ಆಕಾರ ಬಹುತೇಕ ಒಂದೇ ಆದ್ದರಿಂದ, ಆಂಕರ್ ಸಾಕಾಯಿತು. ಕೊಂಬು ಪ, ವಗಳಿಗೆ ಸೇರುವ ಬಗೆ ಬೇರೆಯಾದ್ದರಿಂದ ಅವನ್ನೂ ಪ್ರತ್ಯೇಕವಾಗಿ ಬರೆದೆ.

ದೀರ್ಘ ದೂರ ಸರಿಯುವ ಸಮಸ್ಯೆ

ಬರೆದ ಅಕ್ಷರಗಳನ್ನು ಓಪನ್‌ಟೈಪ್ ನಿಯಮಗಳಿಂದ (ಯಾವ ಅಕ್ಷರ ಎಲ್ಲಿ ಹೇಗೆ ಸೇರಬೇಕೆಂದು ಫಾಂಟಿನೊಳಗೆ ಬರೆದಿಡುವ ಸೂತ್ರಗಳಿಂದ) ಜೋಡಿಸುವಾಗ ಎದುರಾದ ಒಂದು ತೊಂದರೆಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಶೀರ್ಷಿಕೆಗೆ ಬಳಸುವ ಯಾವ ಕನ್ನಡ ಫಾಂಟಿನಲ್ಲಾದರೂ ಇದು ಕಾಣಿಸಿಕೊಳ್ಳಬಹುದು. ಯೂನಿಕೋಡ್‌ನಲ್ಲಿ ಈಕಾರದ ಚಿಹ್ನೆಯನ್ನು ಗುಡಿಸು ಮತ್ತು ದೀರ್ಘ ಎಂದು ಎರಡಾಗಿ ಬಿಡಿಸಬಹುದು. ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್‌ನಂಥ ತಂತ್ರಾಂಶ ಗುಡಿಸನ್ನು ಮೂಲ ಅಕ್ಷರದ ಪಕ್ಕಕ್ಕೆ ತಂದು, ಒತ್ತುಗಳನ್ನು ಅದರ ನಂತರ ಇಟ್ಟು, ದೀರ್ಘವನ್ನು ಕೊನೆಗೆ ನಿಲ್ಲಿಸುತ್ತದೆ. ಹಾಗಾಗಿ ‘ಸ್ತ್ರೀ’ ಎಂಬಲ್ಲಿ ಸಿ, ಅದರ ಬಳಿಕ ತಕಾರದ ಒತ್ತು, ರಕಾರದ ಒತ್ತು, ಕೊನೆಗೆ ದೀರ್ಘ ಎಂಬ ಕ್ರಮ ಏರ್ಪಡುತ್ತದೆ. ಒತ್ತುಗಳಿಗೆ ತಮ್ಮದೇ ಅಗಲ ಇದ್ದರೆ ದೀರ್ಘ ಅಷ್ಟು ದೂರ ಬಲಕ್ಕೆ ಸರಿದು, ಅದಕ್ಕೂ ಗುಡಿಸಿಗೂ ನಡುವೆ ದೊಡ್ಡ ಬಿಳಿ ತೆರೆದುಕೊಳ್ಳುತ್ತದೆ. ಪಠ್ಯದ ಗಾತ್ರದಲ್ಲಿ ಕಣ್ಣು ಇದನ್ನು ಮನ್ನಿಸುತ್ತದೆ. 72 ಪಾಯಿಂಟ್‌ನಲ್ಲಿ ದೀರ್ಘ ಮುಂದಿನ ಪದಕ್ಕೆ ಸೇರಿದ ಚಿಹ್ನೆಯಂತೆ ಕಾಣುತ್ತದೆ.

ಪರಿಹಾರವಾಗಿ, ಒತ್ತಿನ ನಂತರ ದೀರ್ಘ ಬಂದಾಗ ಆ ಒತ್ತಿನ ಅಗಲವನ್ನು ಸೊನ್ನೆ ಮಾಡುವ ಸಂದರ್ಭಸೂತ್ರವೊಂದನ್ನು ಬರೆದೆ. ದೀರ್ಘ ಗುಡಿಸಿನ ಪಕ್ಕಕ್ಕೇ ಬಂದು, ಒತ್ತು ಅದರ ಕೆಳಗೆ ಹಾಯಾಗಿ ಹರಡಿಕೊಳ್ಳುತ್ತದೆ. ಎರಡು ಒತ್ತುಗಳಿದ್ದರೆ ಎರಡನೆಯದನ್ನು ಮೊದಲನೆಯದರ ಕೆಳಗೆ ಇಡದೆ ಬಲಕ್ಕೆ ಇಡುವುದೆಂದು ಮೊದಲೇ ನಿರ್ಧರಿಸಿದ್ದೆ. ಕೆಳಗೆ ಇಟ್ಟರೆ ಸಾಲಿನ ಆಳ 330ರಿಂದ 550 ದಾಟುತ್ತಿತ್ತು.

ಇದೇ ಬಗೆಯ ಹೊಂದಾಣಿಕೆ ರಕಾರದ ಒತ್ತಿಗೂ ಬೇಕಾಯಿತು. ‘ಪತ್ರಿಕೆ’ಯಲ್ಲಿ ಆ ಒತ್ತಿನ ಬಾಲ ಕಕಾರದ ಅಡಿಗೆ ನುಸುಳಿದರೆ ಪದ ಬಿಗಿಯಾಗಿ ನಿಲ್ಲುತ್ತದೆ, ಇಲ್ಲವಾದರೆ ಮೇಲ್ಸಾಲಿನಲ್ಲಿ ಕಂದಕ ಬೀಳುತ್ತದೆ. ಆದರೆ ‘ಪ್ರಸ್ತುತ’ದಲ್ಲಿ ಪಕ್ಕದ ಸಕಾರಕ್ಕೂ ಒತ್ತು ಇರುವುದರಿಂದ ಬಾಲ ನುಸುಳಲು ಹೋಗಿ ತಕಾರದ ಒತ್ತಿಗೆ ಡಿಕ್ಕಿ ಹೊಡೆಯುತ್ತದೆ. ಮುಂದಿನ ಅಕ್ಷರಕ್ಕೆ ಕೆಳಗೆ ಏನೂ ಇಲ್ಲದಿದ್ದರೆ ಮಾತ್ರ ಒಳಸರಿಯಬೇಕು ಎಂಬ ಸೂತ್ರ ಇದಕ್ಕೆ ಸಾಕು. ಆದರೆ ಆ ‘ಏನೂ’ ಎಂಬುದರಲ್ಲಿ ಒತ್ತುಗಳ ಜೊತೆಗೆ ವಟ್ರಸುಳಿಯನ್ನೂ ಐತ್ವದ ಕೆಳಚಿಹ್ನೆಯನ್ನೂ ಸೇರಿಸಬೇಕು. ‘ತ್ರೈಮಾಸಿಕ’ ಎಂಬ ಪದ ಪತ್ರಿಕೆಯ ಮುಖಪುಟದಲ್ಲೇ ಇರುವುದರಿಂದ ಅದರ ಮೊದಲ ಅಕ್ಷರದಲ್ಲಿ ರಕಾರದ ಒತ್ತು ಮತ್ತು ಐತ್ವದ ಚಿಹ್ನೆ ಒಂದರ ಪಕ್ಕ ಒಂದು ಕೂರುವ ರೂಪವನ್ನು ಇಡಿಯಾಗಿ ಒಂದೇ ಗ್ಲಿಫ್ ಆಗಿ ಬರೆದೆ. ‘ಕೃಷ್ಣ’ದಲ್ಲಿ ವಟ್ರಸುಳಿ ಮತ್ತು ಣಕಾರದ ಒತ್ತು ತಾಗುವುದನ್ನು ಕರ್ನಿಂಗ್‌ನಿಂದ, ಅಂದರೆ ಆ ಜೋಡಿಯ ನಡುವಿನ ಅಂತರ ತಿದ್ದಿ, ಬಿಡಿಸಿದೆ. ‘ಕರ್ನಾಟಕ’ ಎಂಬ ಪದದ ಅರ್ಕಾವತ್ತು ಅಕ್ಷರದ ಬಲಕ್ಕೆ ನಿಲ್ಲುವಂಥದ್ದು, ತೊಂದರೆ ಕೊಡಲಿಲ್ಲ.

ಮುದ್ರಣ, ಪರದೆ, ಎರಡನೆಯ ಮಾದರಿ

600 ಡಿಪಿಐ (ಅಂಗುಲಕ್ಕೆ 600 ಚುಕ್ಕಿ) ಲೇಸರ್ ಮುದ್ರಕದಲ್ಲಿ ಒಂದು ಚುಕ್ಕಿ 0.042 ಮಿಲಿಮೀಟರ್, 36 ಪಾಯಿಂಟ್‌ನ ತೆಳುಗೆರೆಗೆ ಏಳು ಚುಕ್ಕಿಗಳು ಸಿಗುತ್ತವೆ, ಪರೀಕ್ಷೆಗೆ ಇಷ್ಟು ಸಾಕು. ಆದರೆ ಲೇಸರ್ ಪ್ರತಿಯನ್ನು ನಂಬಿ ಆಫ್‌ಸೆಟ್‌ಗೆ ಕಳಿಸಬಾರದು. ಆರ್ಟ್ ಪೇಪರ್ ಮೇಲೆ ಕಪ್ಪು ಮಸಿಯಲ್ಲಿ ತೆಳುಗೆರೆ ಚೆನ್ನಾಗಿಯೇ ನಿಂತಿತು. ಕಡುಬಣ್ಣದ ಚಿತ್ರದ ಮೇಲೆ ಬಿಳಿ ಅಕ್ಷರವಾಗಿ ಬಂದಾಗ ಮಾತ್ರ ಮಸಿ ಎರಡೂ ಬದಿಯಿಂದ ಒಳನುಗ್ಗಿ ಗೆರೆ ಅಲ್ಲಲ್ಲಿ ಕಡಿದುಹೋಯಿತು; ನಾಲ್ಕು ಬಣ್ಣಗಳ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ಆ ಗೆರೆಯೊಳಗೆ ಬಣ್ಣ ತುಂಬುತ್ತದೆ. ಪರದೆಯಲ್ಲಿ ಲೆಕ್ಕ ಬೇರೆ: 32 ಪಿಕ್ಸೆಲ್ ಗಾತ್ರದಲ್ಲಿ 24 ಯೂನಿಟ್ ಗೆರೆ ಮುಕ್ಕಾಲು ಪಿಕ್ಸೆಲ್ ಮಾತ್ರ ಆಗಿ ಬೂದು ಬಣ್ಣಕ್ಕೆ ತಿರುಗುತ್ತದೆ, 42 ಪಿಕ್ಸೆಲ್‌ಗೆ ಏರಿದಾಗ ಪೂರ್ತಿ ಒಂದು ಪಿಕ್ಸೆಲ್ ಸಿಕ್ಕಿ ಕಪ್ಪಾಗುತ್ತದೆ.

ಮೊಳೆಯಚ್ಚಿನ ಕಾಲದಲ್ಲಿ ಒಂದೊಂದು ಗಾತ್ರಕ್ಕೂ ಬೇರೆ ಅಚ್ಚು ಕೊರೆಯುತ್ತಿದ್ದುದರಿಂದ ಸಣ್ಣ ಗಾತ್ರದ ತೆಳುಗೆರೆ ತಾನಾಗಿಯೇ ಗಟ್ಟಿಯಾಗಿರುತ್ತಿತ್ತು. 1994ರ ಐಟಿಸಿ ಬೊಡೋನಿ ಎಂಬ ಫಾಂಟನ್ನು 6, 12, 72 ಪಾಯಿಂಟ್‌ಗಳಿಗೆಂದು ಮೂರು ಬೇರೆ ರೂಪಗಳಲ್ಲಿ ಬಿಡಿಸಿದ್ದರು; ಈಚಿನ ಮುಕ್ತ ಫಾಂಟು ಬೊಡೋನಿ ಮೋಡಾದಲ್ಲಿ ಗಾತ್ರಕ್ಕೆ ತಕ್ಕಂತೆ ತೆಳುಗೆರೆ ಬದಲಾಗುವ ಅಕ್ಷವೇ ಇದೆ. ಉಪಶೀರ್ಷಿಕೆಗಳಿಗಾಗಿ ನಾನೂ ಎರಡನೆಯ ಮಾದರಿಯೊಂದನ್ನು ಕಟ್ಟಿದೆ. ಅದರ ತೆಳುಗೆರೆ 44 ಯೂನಿಟ್, ದಪ್ಪಗೆರೆ 136, ಅಕ್ಷರಗಳ ನಡುವಿನ ಬಿಳಿ ಸ್ವಲ್ಪ ಹೆಚ್ಚು. 44ನ್ನು ಆರಿಸಿದ ಲೆಕ್ಕ ಸರಳ: 36 ಪಾಯಿಂಟ್‌ನಲ್ಲಿ 24 ಯೂನಿಟ್ ಎಂದರೆ 0.86 ಪಾಯಿಂಟ್ ದಪ್ಪದ ಗೆರೆ, 20 ಪಾಯಿಂಟ್‌ನಲ್ಲಿ 44 ಯೂನಿಟ್ ಎಂದರೆ 0.88. ಒಂದೇ ಪುಟದಲ್ಲಿ ಶೀರ್ಷಿಕೆ ಮತ್ತು ಉಪಶೀರ್ಷಿಕೆಗಳ ತೆಳುಗೆರೆ ಹೀಗೆ ಒಂದೇ ಅಳತೆಗೆ ಬರುತ್ತದೆ. ಎರಡೂ ಮಾದರಿಗಳಲ್ಲಿ ಪ್ರತಿ ಅಕ್ಷರದ ನೋಡ್‌ಗಳ ಸಂಖ್ಯೆ, ಕ್ರಮ, ಆರಂಭಬಿಂದು ಒಂದೇ ಇರುವಂತೆ ನೋಡಿಕೊಂಡದ್ದರಿಂದ ನಡುವಿನ ಗಾತ್ರಗಳ ರೂಪಗಳನ್ನು ಫಾಂಟ್‌ಮೇಕ್ ತಂತ್ರಾಂಶ ತಾನೇ ಲೆಕ್ಕಹಾಕಿ ಕೊಟ್ಟಿತು. ಷಕಾರದ ಹನಿಗೆರೆಯನ್ನು ಮಾತ್ರ ನಡುವಿನ ರೂಪದಲ್ಲಿ ಕೈಯಿಂದ ತಿದ್ದಬೇಕಾಯಿತು.

ಕಡತ ಕಟ್ಟುವಾಗ ಮರೆಯಬಾರದ ಒಂದು ಅಳತೆ ಫಾಂಟಿನ ಒಟ್ಟು ಎತ್ತರ–ಆಳದ್ದು. ವಿಂಡೋಸ್‌ಗೆಂದು ಇರುವ ಕೆಳಮಿತಿಯನ್ನು ಲ್ಯಾಟಿನ್ ಫಾಂಟಿನ ವಾಡಿಕೆಯಂತೆ ಕಡಿಮೆ ಇಟ್ಟರೆ ಕೆಲವು ತಂತ್ರಾಂಶಗಳು ಒತ್ತುಗಳ ಕಾಲನ್ನು ಕತ್ತರಿಸಿಬಿಡುತ್ತವೆ. ಗುಡಿಸಿನ 700 ಮತ್ತು ಒತ್ತಿನ 330 ಸೇರಿ 1030 ಆಗುವುದರಿಂದ, ಸಾಲುಗಳು ಒಂದಕ್ಕೊಂದು ತಾಗದಿರಲು 72 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ ಕನಿಷ್ಠ 75 ಪಾಯಿಂಟ್ ಬೇಕು. ಚೆನ್ನಾಗಿ ಕಾಣಲು ನಾನು ಸೂಚಿಸುವುದು 80. ಇಂಗ್ಲಿಷಿನ ದೊಡ್ಡಕ್ಷರಗಳ ಶೀರ್ಷಿಕೆಯನ್ನು ಅದೇ ಗಾತ್ರದಲ್ಲಿ 66ಕ್ಕೆ ಬಿಗಿಯಬಹುದು; ಎರಡು ಭಾಷೆಯ ಸಾಲುಗಳನ್ನು ಒಂದೇ ಅಂತರದಲ್ಲಿ ಜೋಡಿಸಬೇಕೆಂಬ ವಿನ್ಯಾಸಕರ ಆಸೆಯನ್ನು ಇಲ್ಲಿ ಈಡೇರಿಸಲಾಗದು. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಬಳಸುವವರು ಅದರಲ್ಲಿನ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳದಿದ್ದರೆ ಒತ್ತುಗಳು ಸೇರದೆ ಬಿಡಿಬಿಡಿಯಾಗಿ ಬರುತ್ತವೆ. ಹಳೆಯ ಯೂನಿಕೋಡೇತರ ಫಾಂಟುಗಳಿಗೆ ಒಗ್ಗಿದ ಡಿಟಿಪಿ ಕೇಂದ್ರಗಳಿಗೆ ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಲ್ಯಾಟಿನ್ ಅಕ್ಷರಗಳನ್ನು ಈ ಕಡತದಲ್ಲಿ ಸೇರಿಸಿಲ್ಲ. ಪ್ಲೇಫೇರ್ ಇರುವ ಮುಕ್ತ ಫಾಂಟ್ ಪರವಾನಗಿಯಡಿ ಅವನ್ನು ಸೇರಿಸುವುದಕ್ಕೆ ಅಡ್ಡಿಯಿಲ್ಲ, ಸೇರಿಸಿದ ಹೊಸ ಫಾಂಟೂ ಅದೇ ಪರವಾನಗಿಯಲ್ಲಿ ಇರಬೇಕು ಅಷ್ಟೇ. ಆದರೆ ಪತ್ರಿಕೆಯವರು ಎರಡನ್ನೂ ಬೇರೆಯಾಗಿ ಇಟ್ಟುಕೊಳ್ಳಲು ಬಯಸಿದರು. ಎರಡೂ ಬಗೆಯ ಅಂಕಿಗಳು, ವಿರಾಮಚಿಹ್ನೆಗಳು ಮತ್ತು ಉದ್ಧರಣ ಚಿಹ್ನೆಗಳು ಕನ್ನಡದ ಎತ್ತರಕ್ಕೆ ಹೊಂದುವಂತೆ ಇದರಲ್ಲೇ ಇವೆ. ಕೊಟ್ಟ ಕಡತಗಳು ಎರಡು: 36 ಪಾಯಿಂಟ್ ಮತ್ತು ಮೇಲಿನದಕ್ಕೆ ಒಂದು, 18ರಿಂದ 34 ಪಾಯಿಂಟ್‌ಗೆ ಇನ್ನೊಂದು. ಚಿತ್ರದ ಮೇಲೆ ಬಿಳಿ ಅಕ್ಷರ ಬರುವಲ್ಲಿ ಗಾತ್ರ 60 ಪಾಯಿಂಟ್ ಆಗಿದ್ದರೂ ಎರಡನೆಯ ಕಡತವನ್ನೇ ಬಳಸಬೇಕೆಂದು ಜೊತೆಗಿನ ಸೂಚನೆಯಲ್ಲಿ ಬರೆದಿದ್ದೇನೆ.